ರೇಷನ್ ಅಡುಗೆಮನೆ, ಎರಡನೇ ವಾರ: ಉಳಿದದ್ದು ಒಂದೇ ಈರುಳ್ಳಿ

ಮೊದಲ ವಾರದ ಟಿಪ್ಪಣಿ ಓದದವರಿಗೆ: ನಾವು ಇಂಗ್ಲೆಂಡಿನಲ್ಲಿರುವ ಮೂವರ ಸಸ್ಯಾಹಾರಿ ಮನೆ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ ಇಲ್ಲಿನವರಿಗೆ ಸಿಗುತ್ತಿದ್ದ ರೇಷನ್ನಿನಲ್ಲೇ ನಾಲ್ಕು ವಾರ ಅಡುಗೆ ಮಾಡಬೇಕು. ಜೊತೆಗೆ ಆ ಕಾಲದ ಜೋಕುಗಳನ್ನು ಕನ್ನಡಕ್ಕೆ ತರಬೇಕು. ಎರಡಕ್ಕೂ ಒಂದೇ ನೋಟ್‌ಬುಕ್. ಹಾಗಾಗಿ ಎಣ್ಣೆ ಕಲೆ ಎಲ್ಲ ಪುಟದಲ್ಲೂ ಇದೆ.

8ನೇ ದಿನ

ತಲೆಗೆ ವಾರಕ್ಕೆ ಸಕ್ಕರೆ ಸುಮಾರು 225 ಗ್ರಾಂ, ಬೆಣ್ಣೆ 55 ಗ್ರಾಂ, ಚಹಾಪುಡಿ 55 ಗ್ರಾಂ, ಹಾಲು 1.7 ಲೀಟರ್. ಮಾಂಸ, ಬೇಕನ್ ಬಿಟ್ಟುಕೊಟ್ಟ ಸಸ್ಯಾಹಾರಿಗಳಿಗೆ ಆಗ ಚೀಸ್ ಜಾಸ್ತಿ ಕೊಡುತ್ತಿದ್ದರು. ನಾವೂ ಅದನ್ನೇ ಹಿಡಿದುಕೊಂಡಿದ್ದೇವೆ.

ಖುಷಿಯ ಸುದ್ದಿ ಒಂದು. ಕಾಫಿಗೆ ರೇಷನ್ನೇ ಇರಲಿಲ್ಲ! ಇಲ್ಲಿನವರು ಚಹಾದವರು, ಕಾಫಿ ಕುಡಿಯುವವರೇ ಕಡಿಮೆ. ನಮ್ಮೆಜಮಾನ್ರು ಇದನ್ನು ಕೇಳಿ ಯುದ್ಧವನ್ನೇ ಗೆದ್ದವರ ಹಾಗೆ ಫಿಲ್ಟರ್ ತೆಗೆದರು. ಆಮೇಲೆ ಹಾಲು ಅಳೆದೆ. ದಿನಕ್ಕೆ ಒಬ್ಬರಿಗೆ ಒಂದು ಲೋಟ. ಅದರಲ್ಲೇ ಮೊಸರೂ ಆಗಬೇಕು. ಈಗ ಡಿಕಾಕ್ಷನ್ ಧಾರಾಳವಾಗಿದೆ, ಮುಖ ಮಾತ್ರ ಕಪ್ಪಗಿದೆ.

10ನೇ ದಿನ

ವೂಲ್ಟನ್ ಪೈ ಮಾಡಿದ ದಿನ. ಲಾರ್ಡ್ ವೂಲ್ಟನ್ 1940ರಿಂದ 43ರವರೆಗೆ ಆಹಾರ ಮಂತ್ರಿ. ಲಂಡನ್ನಿನ ಸವಾಯ್ ಹೋಟೆಲಿನ ಬಾಣಸಿಗರು ಹುಟ್ಟುಹಾಕಿದ ತರಕಾರಿ ಪೈಗೆ ಅವರದ್ದೇ ಹೆಸರು ಅಂಟಿಕೊಂಡಿತು. ಆಲೂಗಡ್ಡೆ, ಕ್ಯಾರೆಟ್, ಹೂಕೋಸು, ಸ್ವೀಡ್ ಗೆಡ್ಡೆ ಬೇಯಿಸಿ, ಓಟ್ಸ್ ಹಾಕಿ ಗಟ್ಟಿ ಮಾಡಿ, ಮೇಲೆ ಹಿಟ್ಟಿನ ಹೊದಿಕೆ ಮುಚ್ಚಿ ಓವನ್ನಿಗೆ ಇಡೋದು. ಸ್ವೀಡ್ ಹೆಚ್ಚುವಾಗ ಚಾಕು ಅರ್ಧಕ್ಕೆ ಸಿಕ್ಕಿಕೊಂಡಿತು. ಗೆಡ್ಡೆ ಸಮೇತ ಎತ್ತಿ ಹಲಗೆಗೆ ನಾಲ್ಕು ಸಲ ಕುಟ್ಟಿದ ಮೇಲೆ ಎರಡು ಹೋಳಾಯಿತು.

ರುಚಿ? ಜ್ವರ ಬಂದವರಿಗೆ ಕೊಡಬಹುದು.

ಮಸಾಲೆಗೆ ನಾನೇ ಮಾಡಿಕೊಂಡ ನಿಯಮ: ಹಡಗಿನಲ್ಲಿ ಬರಬೇಕಾದದ್ದು ಯಾವುದೂ ಬೇಡ. ಕಾಫಿ ಹಡಗಿನಲ್ಲಿ ಬರುತ್ತೆ ಅಲ್ವಾ ಅಂತ ಕೇಳಬೇಡಿ, ಮನೆಯಲ್ಲಿ ಶಾಂತಿ ಬೇಕು. ಆದರೆ ಸಾಸಿವೆ? ಅದು ನಾರ್ಫೋಕ್ ಕಡೆ ಇಲ್ಲೇ ಬೆಳೆಯುತ್ತೆ. ರೇಷನ್ ಕೊಬ್ಬಿನಲ್ಲಿ ಒಂದು ಚಮಚ ಕರಗಿಸಿ ಸಾಸಿವೆ ಸಿಡಿಸಿದೆ. ಚಟಪಟ ಅಂದದ್ದೇ ತಡ, ಮಹಡಿಯಿಂದ ಮಗಳು ಇಳಿದು ಬಂದಳು. ಮಂತ್ರಿಗಳ ಪೈ ಮೇಲೆ ಒಗ್ಗರಣೆ ಬಿತ್ತು. ತಟ್ಟೆ ಖಾಲಿ.

11ನೇ ದಿನ

ಅಡುಗೆ ಬಿಟ್ಟು ಜೋಕಿಗೆ ಕೂತೆ. ಬಾಂಬ್ ಬಿದ್ದು ಮುಂಭಾಗವೇ ಹಾರಿಹೋದ ಲಂಡನ್ನಿನ ಅಂಗಡಿಗಳು ಮಾರನೇ ದಿನ ಒಂದು ಬೋರ್ಡು ಹಾಕುತ್ತಿದ್ದವು. 'ಎಂದಿಗಿಂತ ಹೆಚ್ಚು ತೆರೆದಿದೆ' ಅಂತ. ಹೀಗೇ ಬರೆದರೆ ಕನ್ನಡದಲ್ಲಿ ನಗು ಬರಲ್ಲ, ಸರ್ಕಾರಿ ಪ್ರಕಟಣೆ ಆಗುತ್ತೆ. ಏಳೆಂಟು ಸಲ ಹೊಡೆದುಹಾಕಿ ಕೊನೆಗೆ ಬರೆದದ್ದು: 'ಅಂಗಡಿ ತೆರೆದಿದೆ. ಗೋಡೆ ಸಮೇತ.'

ಇನ್ನೊಂದು ಇದಕ್ಕಿಂತ ಕಷ್ಟ. 1940ರ ಮೇ 14ರಂದು ಯುದ್ಧ ಮಂತ್ರಿ ಆಂಥೊನಿ ಈಡನ್ ರೇಡಿಯೋದಲ್ಲಿ ಕರೆ ಕೊಟ್ಟರು: ಸೇನೆಗೆ ಹೋಗದ ಗಂಡಸರು ಊರು ಕಾಯೋಕೆ ಬನ್ನಿ. ಆ ದಳದ ಹೆಸರು ಲೋಕಲ್ ಡಿಫೆನ್ಸ್ ವಾಲಂಟಿಯರ್ಸ್, ಚಿಕ್ಕದಾಗಿ ಎಲ್.ಡಿ.ವಿ. ಮೊದಮೊದಲು ಬಂದೂಕಿಲ್ಲ, ಕೆಲವರ ಕೈಯಲ್ಲಿ ಪೊರಕೆ ಕೋಲು. ಜನ ಆ ಮೂರು ಅಕ್ಷರವನ್ನು 'ಲುಕ್, ಡಕ್, ವ್ಯಾನಿಷ್' ಅಂತ ಬಿಡಿಸಿದರು, ಅಂದರೆ 'ನೋಡು, ಬಗ್ಗು, ಮಾಯವಾಗು'. ಜುಲೈನಲ್ಲಿ ಚರ್ಚಿಲ್ ಹೆಸರನ್ನೇ ಹೋಮ್ ಗಾರ್ಡ್ ಅಂತ ಬದಲಿಸಿದರು. ಈ ಜೋಕನ್ನು ಕನ್ನಡಕ್ಕೆ ತರುವಾಗ ಅರ್ಥ ಹಿಡಿದರೆ ಅಕ್ಷರ ಕೈಕೊಡುತ್ತೆ. ಪಾತ್ರೆ ತೊಳೆಯುವಾಗ ಹೊಳೆಯಿತು: 'ಎಲ್ಲಿ? ಡಿಕ್ಕಿ! ವಿದಾಯ!' ಅರ್ಥ ಸ್ವಲ್ಪ ಆಚೆ ಹೋಯಿತು, ಒಪ್ಪಿದೆ. ಆದರೂ ಈ ವಾರ ನನಗೆ ಹೆಮ್ಮೆ ತಂದದ್ದು ಇದೊಂದೇ.

12ನೇ ದಿನ

ಸ್ನಾನ. 1942ರಲ್ಲಿ ಇಂಧನ ಉಳಿಸೋಕೆ ಟಬ್ಬಿನಲ್ಲಿ 5 ಇಂಚಿಗಿಂತ ಜಾಸ್ತಿ ಬಿಸಿನೀರು ಬೇಡ ಅಂದರು. ಅರಮನೆಯ ಟಬ್ಬಿಗೂ ಗೆರೆ ಎಳೆಸಿದರು. ಈ 5 ಇಂಚಿನ ಮೇಲೆ ಎಷ್ಟೊಂದು ಜೋಕು! ನಾನೂ ಸ್ಕೇಲ್ ಹಿಡಿದು ತುಂಬಿಸಿದೆ. ನಮ್ಮ ಟಬ್ಬಿಗೆ ಹೆಚ್ಚುಕಡಿಮೆ ಐದು ಬಕೆಟ್ ನೀರು ಹಿಡಿಯಿತು. ಒಂದು ಬಕೆಟ್, ಒಂದು ಚೊಂಬಿನಲ್ಲಿ ತಲೆಗೂ ಹಾಕಿಕೊಂಡು ಬೆಳೆದವಳು ನಾನು. ಇದಕ್ಕಾ ಇಷ್ಟು ಗೋಳು? ಈ ಜೋಕುಗಳ ಪುಟ ಖಾಲಿ ಬಿಟ್ಟಿದ್ದೇನೆ. ನನಗೇ ನಗು ಬರದಿದ್ದನ್ನು ಹೇಗೆ ಬರೆಯಲಿ?

ರಾತ್ರಿ ಅಡುಗೆಮನೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದೆವು. ಶತ್ರು ವಿಮಾನಗಳಿಗೆ ಬೆಳಕು ಕಾಣದ ಹಾಗೆ ಮುಚ್ಚಿಡುವ ಕತ್ತಲೆ ನಿಯಮ ಇಲ್ಲಿ ಬಂದದ್ದು 1939ರ ಸೆಪ್ಟೆಂಬರ್ 1ಕ್ಕೆ, ಯುದ್ಧ ಸಾರುವುದಕ್ಕೂ ಎರಡು ದಿನ ಮೊದಲು. ಮಗಳು ಆ ನಿಯಮ ಕಾಯುವ ವಾರ್ಡನ್ ಆಗಿ ತೋಟಕ್ಕೆ ಹೋಗಿ 'ದೀಪ ಆರಿಸ್ರೀ!' ಅಂತ ಕೂಗಿದಳು. ಮೂರು ಕಡೆ ಬೆಳಕು ಸೋರುತ್ತಿತ್ತು. ಪಕ್ಕದ ಮನೆಯಲ್ಲೂ ದೀಪ ಆರಿತು. ನಾಳೆ ಹೋಗಿ ವಿಷಯ ಹೇಳಿಬರಬೇಕು.

13ನೇ ದಿನ

ಬ್ರೆಡ್. 1942ರ 'ನ್ಯಾಷನಲ್ ಲೋಫ್' ತವುಡು ಉಳಿಸಿಕೊಂಡ ಹಿಟ್ಟಿನದು, ಬಣ್ಣ ಬೂದಿ. ಹಿಟ್ಲರನ ಗುಪ್ತಾಸ್ತ್ರ ಅಂತ ಜನ ಕರೆದರು. ಸುಟ್ಟ ದಿನವೇ ಮಾರುವ ಹಾಗಿರಲಿಲ್ಲ. ಬಿಸಿ ಬ್ರೆಡ್ ಜಾಸ್ತಿ ಖರ್ಚಾಗುತ್ತೆ, ತೆಳ್ಳಗೆ ಕೊಯ್ಯೋಕೂ ಬರಲ್ಲ. ನಾನು ಮಾಡಿದ್ದು ಇಟ್ಟಿಗೆಯಂತೆ ಕೂತಿತು, ಉಬ್ಬಲೇ ಇಲ್ಲ. ಅದನ್ನೂ ರಾತ್ರಿ ಯಾರೋ ಕದ್ದು ತಿಂದಿದ್ದಾರೆ. ಚೂರುಗಳು ಕಾಫಿ ಫಿಲ್ಟರಿನ ಪಕ್ಕದಲ್ಲಿ ಬಿದ್ದಿದ್ದವು, ಹೆಚ್ಚು ತನಿಖೆ ಬೇಕಾಗಲಿಲ್ಲ.

14ನೇ ದಿನ

ಫ್ರಿಜ್ಜಿನ ಮೇಲೆ ಮಗಳು ಚ್ಯಾಡ್ ಬರೆದಿಟ್ಟಿದ್ದಾಳೆ. ಗೋಡೆಯಾಚೆಯಿಂದ ಇಣುಕುವ ಬೋಳುತಲೆ, ಗೋಡೆ ಮೇಲೆ ಜೋತುಬಿದ್ದ ಉದ್ದ ಮೂಗು. ಆಗ ಊರಿನ ಗೋಡೆಗಳ ಮೇಲೆಲ್ಲ ಇವನೇ. ಏನು ಸಿಗುತ್ತಿರಲಿಲ್ಲವೋ ಅದನ್ನು ಕೇಳೋದೇ ಇವನ ಕೆಲಸ. ನಮ್ಮವನು ಕೇಳುತ್ತಿದ್ದಾನೆ: 'ಏನು, ಈರುಳ್ಳಿ ಇಲ್ವಾ?'

ಇಲ್ಲ. ಆಗಲೂ ಇರಲಿಲ್ಲ. ಈರುಳ್ಳಿ ಹೆಚ್ಚಾಗಿ ಫ್ರಾನ್ಸಿನ ಬ್ರಿಟನಿ ಮತ್ತು ಚಾನೆಲ್ ದ್ವೀಪಗಳಿಂದ ಬರುತ್ತಿತ್ತು. 1940ರ ಬೇಸಿಗೆಯಲ್ಲಿ ಅವು ಜರ್ಮನರ ಕೈಗೆ ಹೋದವು. ಆಮೇಲೆ ಆಫೀಸುಗಳಲ್ಲಿ ಒಂದೊಂದು ಈರುಳ್ಳಿಯನ್ನು ಲಾಟರಿಗೆ ಇಡುತ್ತಿದ್ದರಂತೆ. ಹೋದ ವಾರ ಓದಿದಾಗ ಸುಮ್ನೆ ನಕ್ಕು ಪುಟ ತಿರುಗಿಸಿದ್ದೆ. ಈ ವಾರ ತಿಂಗಳ ಪಾಲಿನದರಲ್ಲಿ ಉಳಿದದ್ದು ಒಂದೇ, ಅದೂ ನಿಂಬೆಹಣ್ಣಿನಷ್ಟು. ಮೂರು ಚೀಟಿ ಬರೆದು ಚೊಂಬಿಗೆ ಹಾಕಿದೆವು. ಎತ್ತಿದ್ದು ಮಗಳು, ಬಂದದ್ದು ಅವರಪ್ಪನ ಹೆಸರು. ಹುಳಿಗೆ ಹಾಕೋಣ ಕೊಡ್ರೀ ಅಂದೆ. 'ನಂದು' ಅಂದರು. ಈಗ ಅದು ಅವರ ಲ್ಯಾಪ್‌ಟಾಪ್ ಪಕ್ಕದಲ್ಲಿ ಕೂತಿದೆ.