ಕಣ್ಣಿಗೆ ಒಂದೇ ಶಿವಮೊಗ್ಗ, ಕಂಪ್ಯೂಟರಿಗೆ ಎರಡು

ಅಡಿಕೆ ರೇಟು, ಮಳೆ, ಲಿಂಗನಮಕ್ಕಿ ನೀರಿನ ಮಟ್ಟ. ಈ ಮೂರರ ಸುದ್ದಿ ಯಾವ ತಾಣದಲ್ಲಿ ಬಂದರೂ ಒಂದೇ ಕಡೆ ಸಿಗಬೇಕು, ಹಳೆಯದನ್ನೂ ಹುಡುಕುವ ಹಾಗಿರಬೇಕು ಅಂತ ಶಿವಮೊಗ್ಗದ ನಮ್ಮ ಗ್ರಾಹಕರೊಬ್ಬರು ಕೇಳಿದ್ದರು. "ಆರ್‌ಎಸ್‌ಎಸ್ ಫೀಡ್ ಇಂದ ತರಬಹುದು" ಅಂದೆ. ಅವರು ಸುಮ್ನೆ ನನ್ನ ಮುಖ ನೋಡಿದರು. "ಅದಲ್ಲ ಸಾರ್, ಇದು ಬೇರೆ, ಸುದ್ದಿ ತಾಣಗಳು ತಮ್ಮ ಹೊಸ ಸುದ್ದಿಗಳನ್ನು ಕಂಪ್ಯೂಟರ್ ಓದುವ ಹಾಗೆ ಕೊಡುವ ಪಟ್ಟಿ" ಅಂತ ಬಿಡಿಸಿ ಹೇಳಬೇಕಾಯಿತು.

ತಾಣ ಕಟ್ಟಲು ಜ್ಯಾಂಗೋ, ಸುದ್ದಿ ಕೂಡಿಡಲು ಪೋಸ್ಟ್‌ಗ್ರೆಸ್ ಡೇಟಾಬೇಸ್, 15 ನಿಮಿಷಕ್ಕೊಮ್ಮೆ ತಾನಾಗಿಯೇ ಓಡಿ ಫೀಡ್ ತರುವ ಒಂದು ಕ್ರಾನ್. ಇಷ್ಟೇ. ವಾರದಲ್ಲಿ ಮುಗಿಯಿತು.

ಜುಲೈನಲ್ಲಿ ಅವರ ಫೋನು. "ಹೊಸನಗರದ ಮಳೆ ಸುದ್ದಿ ಬೆಳಿಗ್ಗೆಯೇ ಓದಿದೆ ಕಣ್ರೀ, ನಿಮ್ಮದರಲ್ಲಿ ಹುಡುಕಿದರೆ ಇಲ್ಲ!" ನೋಡಿದರೆ ಸುದ್ದಿ ಡೇಟಾಬೇಸಿನಲ್ಲಿ ಕೂತಿದೆ. ಹುಡುಕಿದರೆ ಮಾತ್ರ ಸಿಗುವುದಿಲ್ಲ. ಸಾಗರ, ಭದ್ರಾವತಿ, ಶಿಕಾರಿಪುರ ಸರಿಯಾಗಿ ಸಿಗುತ್ತಿವೆ. ಹೊಸನಗರ, ಸೊರಬ, ತೀರ್ಥಹಳ್ಳಿ, ಕೊನೆಗೆ ಶಿವಮೊಗ್ಗವೂ ಅರ್ಧಂಬರ್ಧ. ಎರಡು ದಿನ ಫೀಡ್ ತರುವ ಕೋಡನ್ನೇ ಬೈದುಕೊಂಡು ಕೂತೆ.

ಬೇಸತ್ತು, ಸಿಕ್ಕ ಸುದ್ದಿಯ 'ಶಿವಮೊಗ್ಗ', ಸಿಗದ ಸುದ್ದಿಯ 'ಶಿವಮೊಗ್ಗ' ಎರಡರ ಉದ್ದವನ್ನೂ, ಅಂದರೆ ಕಂಪ್ಯೂಟರ್ ಒಳಗೆ ಅವಕ್ಕೆ ಎಷ್ಟು ಸಂಕೇತ ಇವೆ ಅಂತ, ಎಣಿಸಿದೆ. ಒಂದು 8, ಇನ್ನೊಂದು 9!

'ಮೊ'ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಲ್ಲಿ) ಎರಡು ರೀತಿ ಬರೆಯಬಹುದು. ಒಂದೇ ಚಿಹ್ನೆಯಾಗಿ, ಇಲ್ಲವೇ ಎತ್ವ ಮತ್ತು ಊತ್ವ ಸೇರಿಸಿ. ತೆರೆಯ ಮೇಲೆ ಎರಡೂ ಒಂದೇ ಥರ. 'ತೀ'ಯಲ್ಲಿರುವ ಈತ್ವಕ್ಕೂ ಇದೇ ಕಥೆ. 'ಸಾಗರ'ದಲ್ಲಿ ಇಂಥ ಸ್ವರ ಇಲ್ಲ, ಅದಕ್ಕೇ ಅದು ಪಾರಾಗಿತ್ತು. ಹೀಗೆ ಒಡೆದು ಬರೆದದ್ದು ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸಿದ ಪಠ್ಯ ಇರಬೇಕು ಅಂತ ನನ್ನ ಊಹೆ.

ಮದ್ದು ಒಂದೇ ಸಾಲು: ಪೈಥಾನ್‌ನ ಯೂನಿಕೋಡ್‌ಡೇಟಾ ಬಳಸಿ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಡೆದ ಚಿಹ್ನೆಗಳನ್ನು ಒಂದಾಗಿ ಸೇರಿಸಿದ ರೂಪಕ್ಕೆ, ತರುವುದು. ಉಳಿಸುವಾಗಲೂ ಮಾಡಬೇಕು, ಹುಡುಕುವವರು ಟೈಪ್ ಮಾಡಿದ ಪದಕ್ಕೂ ಮಾಡಬೇಕು. ಎರಡನೆಯದನ್ನು ಮರೆತು ಇನ್ನೊಂದು ಫೋನ್ ಬಂತು, ಇರಲಿ. 'ಫೇಸ್‌ಬುಕ್' ಥರದ ಪದಗಳ ನಡುವೆ ಅವಿತಿರುವ, ಕಣ್ಣಿಗೆ ಕಾಣದ ಅಕ್ಷರವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಹುಡುಕಾಟದಲ್ಲಿ ಅದನ್ನು ಬೇರೆಯಾಗಿ ತೆಗೆಯಬೇಕು.

ಫೀಡಿನ ಮೂಲ ಎಕ್ಸ್‌ಎಂಎಲ್ ಕಡತವನ್ನೂ ಹಾಗೇ ಇಟ್ಟಿದ್ದೆ. ಜಾಗ ದಂಡ ಅಂತ ಗೆಳೆಯ ನಕ್ಕಿದ್ದ. ಅದರಿಂದಲೇ ಹಳೆಯ ಸುದ್ದಿಯನ್ನೆಲ್ಲ ಒಂದೇ ರಾತ್ರಿಯಲ್ಲಿ ಸರಿಮಾಡಿದ್ದು.

ಆದರೆ ತರದೇ ಬಿಟ್ಟ ಫೀಡಿಗೆ ಮೂಲ ಎಲ್ಲಿಂದ ಬರಬೇಕು? ಸರ್ವರ್ ಆಗ ಆಫೀಸಿನಲ್ಲೇ ಇತ್ತು. ಗಾಳಿಮಳೆಗೆ ಮರ ಬಿದ್ದು ಒಂದೂವರೆ ದಿನ ಕರೆಂಟಿಲ್ಲ, ಯುಪಿಎಸ್ ಎರಡು ಗಂಟೆಗೇ ಕೈಕೊಟ್ಟಿತು. ಫೀಡಿನಲ್ಲಿ ಸಾಮಾನ್ಯವಾಗಿ ಇತ್ತೀಚಿನ ಒಂದಿಷ್ಟು ಸುದ್ದಿ ಮಾತ್ರ ಇರುತ್ತದೆ. ಹೊಸದು ಬಂದ ಹಾಗೆ ಹಳೆಯದು ಜಾರಿ ಹೋಗುತ್ತದೆ. ಆ ಒಂದೂವರೆ ದಿನ, ಮಳೆ ಜಾಸ್ತಿ ಬಂದ ದಿನವೇ, ನಮ್ಮಲ್ಲಿ ಖಾಲಿ.

ಮರುವಾರ ಸರ್ವರನ್ನು ಕ್ಲೌಡಿಗೆ ಹಾಕಿದೆ. ಗ್ರಾಹಕರು ಬಿಲ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಮಳೆ ಬರಲ್ವಾ?"