ಕೋಳಿ ಮಂಕಾದ್ರೆ ಮೊದ್ಲು ಗೂಡಿಗೆ ಟಾರ್ಚ್ ಬಿಡಿ

ನಮ್ಮೂರ ಕಡೆ ಕೋಳಿ ಮಂಕಾಗಿ ಮೂಲೇಲಿ ನಿಂತ್ರೆ ಸಾಕು, ಎಲ್ರ ಬಾಯಲ್ಲೂ ಒಂದೇ ಮಾತು, ಕೊಕ್ಕರೆ ರೋಗ ಬಂದಿದೆ, ಸಾಯೋ ಮುಂಚೆ ಕೊಯ್ದು ಸಾರು ಮಾಡ್ಬಿಡಿ ಅಂತ. ನಮ್ಮ ಕರಿ ಹ್ಯಾಟೆಗೂ ಅದೇ ತೀರ್ಪಾಗಿತ್ತು. ಕೊಕ್ಕರೆ ರೋಗ ಅಂದ್ರೆ ಹಸಿರು ಭೇದಿ, ಉಸಿರಾಡೋವಾಗ ಗೊರಗೊರ, ಕತ್ತು ತಿರುಚ್ಕೊಳ್ಳೋದು, ಒಂದಕ್ಕೆ ಬಂದ್ರೆ ನೋಡ್ತಾ ನೋಡ್ತಾ ಗೂಡೇ ಖಾಲಿ. ಇಲ್ಲಿ ಮಂಕಾಗಿದ್ದು ಇದೊಂದೇ, ಅದೂ ಕಾವಿಗೆ ಕೂತಿದ್ದು ಮೊಟ್ಟೆ ಬಿಟ್ಟು ಅರ್ಧಕ್ಕೇ ಎದ್ದು ಬಂದಿತ್ತು. ಜುಟ್ಟು ಬಿಳುಚಿಕೊಂಡು, ಎದೆಮೂಳೆ ಮುಟ್ಟಿದ್ರೆ ಚಾಕು ಥರ. ಕಾವಿನ ಕೋಳಿ ಸ್ವಲ್ಪ ಸೊರಗೋದು ಸಹಜ, ಆದ್ರೆ ಅದರ ಹತ್ರ ಹೋದ್ರೆ ಗರಿ ಕೆದರ್ಕೊಂಡು ಕುಕ್ಕೋಕೆ ಬರುತ್ತೆ, ಇದಕ್ಕೆ ಅಷ್ಟೂ ತ್ರಾಣ ಇರ್ಲಿಲ್ಲ.

ಹಗಲಲ್ಲಿ ಗರಿ ಬಿಡಿಸಿ ನೋಡಿದ್ರೆ ಹೆಚ್ಚೇನೂ ಸಿಗ್ಲಿಲ್ಲ. ರಾತ್ರಿ ಟಾರ್ಚ್ ಹಿಡ್ಕೊಂಡು ಕಾವಿಗೆ ಇಟ್ಟಿದ್ದ ಮಂಕರಿ ನೋಡಿದ್ರೆ ಹೆಣಿಗೆ ಸಂದೀಲೆಲ್ಲಾ ಕೆಂಪು ಚುಕ್ಕಿಗಳು ಓಡಾಡ್ತಿವೆ, ಬಿಳಿ ಬಟ್ಟೇಲಿ ಒರೆಸಿದ್ರೆ ರಕ್ತದ ಗೀಟು! ಇದು ಕೆಂಪು ನುಸಿ, ಹಗಲು ಗೂಡಿನ ಮರದ ಸಂದೀಲಿ ಅಡಗಿದ್ದು ರಾತ್ರಿ ಬಂದು ರಕ್ತ ಕುಡಿದು ವಾಪಸ್ ಹೋಗುತ್ತೆ. ಅದಕ್ಕೇ ಕಾವಿನ ಕೋಳಿಗೇ ಜಾಸ್ತಿ ಕಾಟ, ರಾತ್ರಿಯೆಲ್ಲಾ ಅಲ್ಲೇ ಕೂತಿರುತ್ತಲ್ಲ ಪಾಪ. ಉಳಿದವು ಮಲಗ್ತಿದ್ದದ್ದು ಹಲಸಿನ ಮರದಲ್ಲಿ, ಬಚಾವ್. ಕೋಳಿ ಹೇನು ಬೇರೆ, ಅದು ಹಗಲೂ ಮೈಮೇಲೇ ಇರುತ್ತೆ, ಬಾಲದ ಕೆಳಗೆ ಗರಿ ಬುಡದಲ್ಲಿ ಬಿಳಿ ಮೊಟ್ಟೆ ಗೊಂಚಲು ಅಂಟಿಸಿರುತ್ತೆ. ಕೆಂಪು ನುಸಿಗೆ ಕೋಳಿ ಮೈಗೆ ಮಾತ್ರ ಔಷಧಿ ಹಾಕಿ ಸುಮ್ನಿದ್ರೆ ದಂಡ, ಖಾಲಿ ಗೂಡಲ್ಲೂ ತಿಂಗಳುಗಟ್ಟಲೆ ಬದುಕಿರುತ್ತೆ.

ಮಂಕರಿ ಸುಟ್ಟೆ, ಗೂಡಿನ ಮರದ ಪಟ್ಟಿಗಳಿಗೆ ಕುದಿಯೋ ನೀರು ಹೊಯ್ದು ಪಶು ಆಸ್ಪತ್ರೆ ಡಾಕ್ಟ್ರು ಬರೆದುಕೊಟ್ಟ ನುಸಿ ಸಾಯ್ಸೋ ಔಷಧಿ ಡೆಲ್ಟಾಮೆಥ್ರಿನ್ನು ಅವ್ರು ಹೇಳಿದ ಅಳತೇಲೇ ಬೆರೆಸಿ ಕೋಳಿ ಹೊರಗಿಟ್ಟು ಸಂದಿ ಸಂದಿಗೂ ಹೊಡ್ದೆ, ಒಣಗಿದ್ಮೇಲೆ ಸುಣ್ಣ. ವಾರ ಬಿಟ್ಟು ಇನ್ನೊಂದ್ಸಲ ಹೊಡೀಲೇಬೇಕು, ಯಾಕಂದ್ರೆ ಸ್ಪ್ರೇಗೆ ನುಸಿ ಮೊಟ್ಟೆ ಸಾಯಲ್ಲ, ಮರಿ ಆಚೆ ಬರುತ್ತೆ, ಸೆಖೆ ಇದ್ರೆ ವಾರ ಹತ್ತು ದಿನಕ್ಕೆಲ್ಲಾ ಹೊಸ ತಲೆಮಾರೇ ರೆಡಿ. ಹೆಚ್ಚಿನವ್ರು ಇದೊಂದನ್ನೇ ಬಿಡೋದು. ಹೊರಳಾಡೋಕೆ ಒಲೆ ಬೂದಿ, ಒಣ ಮಣ್ಣು ಕಲಸಿಟ್ಟೆ, ತಿನ್ನೋಕೆ ಬೇಯ್ಸಿದ ಮೊಟ್ಟೆ, ನುಗ್ಗೆ ಸೊಪ್ಪು.

ಹಿಕ್ಕೇಲಿ ಅಕ್ಕಿ ಕಾಳಿನಂಥ ಬಿಳಿ ತುಣುಕು ಬೇರೆ ಇತ್ತು, ಅದು ಲಾಡಿಹುಳ. ಅಂಗಡಿಯವ್ರು ಕೇಳಿದ ತಕ್ಷಣ ಕೊಡೋ ಪೈಪರಜೀನ್ ದುಂಡು ಜಂತುಹುಳಕ್ಕೆ ಸರಿ, ಲಾಡಿಹುಳಕ್ಕೆ ಅದ್ರಿಂದ ಏನೂ ಆಗಲ್ಲ. ತಾಜಾ ಹಿಕ್ಕೆ ಡಬ್ಬೀಲಿ ತಗೊಂಡೋಗಿ ಡಾಕ್ಟ್ರಿಗೆ ತೋರ್ಸಿ, ಕೋಳಿ ತೂಕನೂ ಹೇಳಿ, ದಪ್ಪ ತಳಿ ಗಿರಿರಾಜಕ್ಕೂ ನಾಟಿಗೂ ಒಂದೇ ಡೋಸ್ ಆಗಲ್ಲ. ಔಷಧಿ ಹಾಕಿದ್ಮೇಲೆ ಎಷ್ಟು ದಿನ ಮೊಟ್ಟೆ ತಿನ್ಬಾರ್ದು ಅಂತ್ಲೂ ಅಲ್ಲೇ ಕೇಳ್ಕೊಳ್ಳಿ. "ಅಷ್ಟು ಮೊಟ್ಟೆ ತಿಪ್ಪೆಗೆ ಹಾಕ್ತೀಯಲ್ಲೋ" ಅಂತ ಅಜ್ಜಿ ಇನ್ನೂ ಬೈತಿದಾರೆ.

ಕರಿ ಹ್ಯಾಟೆ ಜುಟ್ಟಿಗೆ ಬಣ್ಣ ಬಂದಿದೆ, ತಿಪ್ಪೆ ಕೆದಕ್ತಿದೆ. ಹುಂಜಕ್ಕೆ ಇನ್ನೂ ಹುಳದ ಔಷಧಿ ಕುಡ್ಸಿಲ್ಲ, ಹಗಲು ಕೈಗೆ ಸಿಗಲ್ಲ ಅದು, ರಾತ್ರಿ ಏಣಿ ಹಾಕಿ ಹಲಸಿನ ಮರ ಹತ್ಬೇಕು.