ಎಕ್ಸ್-ರೇ ನಾರ್ಮಲ್, ಮಣಿಕಟ್ಟಿನ ನೋವು ಹಾಗೇ ಇದೆ

ಮುಂದಕ್ಕೆ ಮುಗ್ಗರಿಸಿದವರು ಹೆಚ್ಚಾಗಿ ಅಂಗೈ ಊರಿಯೇ ಬೀಳುತ್ತಾರೆ. ಮೈಭಾರವೆಲ್ಲ ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ, ಭುಜಕ್ಕೆ ಏರುತ್ತದೆ. ಮೂಳೆ ವಿಭಾಗದ ಬೆಳಗಿನ ಸರದಿಯಲ್ಲಿ ಒಂದು ಕೈಯನ್ನು ಇನ್ನೊಂದರಿಂದ ಆತುಕೊಂಡು ಕೂತವರು ಇಲ್ಲದ ದಿನವೇ ಅಪರೂಪ. ವಯಸ್ಸು ಕೇಳಿದರೆ ಪೆಟ್ಟು ಎಲ್ಲಿ ತಗುಲಿರಬಹುದೆಂದು ಅರ್ಧ ಊಹಿಸಬಹುದು. ಮಗುವಾದರೆ ಮುಂಗೈ ಅಥವಾ ಮೊಣಕೈಗೆ ತುಸು ಮೇಲೆ. ಹರೆಯದವರಾದರೆ ಹೆಬ್ಬೆರಳಿನ ಬುಡದಲ್ಲಿರುವ ಸ್ಕೇಫಾಯಿಡ್ ಎಂಬ ಪುಟ್ಟ ಮೂಳೆ. ವಯಸ್ಸಾದವರಾದರೆ ಮುಂಗೈಯಲ್ಲಿ ಹೆಬ್ಬೆರಳ ಬದಿಗಿರುವ ರೇಡಿಯಸ್ ಮೂಳೆಯ ಮಣಿಕಟ್ಟಿನ ತುದಿ. ಈ ಕೊನೆಯ ಮುರಿತವನ್ನು ಐರ್ಲೆಂಡಿನ ಸರ್ಜನ್ ಅಬ್ರಹಾಂ ಕಾಲೆಸ್ 1814ರಲ್ಲೇ ವಿವರಿಸಿದ್ದರು. ಜರ್ಮನಿಯ ಭೌತವಿಜ್ಞಾನಿ ರಾಂಟ್‌ಜೆನ್ ಎಕ್ಸ್-ಕಿರಣ ಕಂಡದ್ದು 1895ರಲ್ಲಿ. ಅಂದರೆ ಎಂಬತ್ತು ವರ್ಷ ಮೊದಲೇ, ಚಿತ್ರದ ನೆರವಿಲ್ಲದೆ, ಕಣ್ಣಿಂದ ನೋಡಿ ಬೆರಳಿಂದ ಮುಟ್ಟಿ ಗುರುತಿಸಿದ್ದು. ಈಗ ಇಷ್ಟೆಲ್ಲ ಯಂತ್ರಗಳಿದ್ದರೂ ಬೆರಳಿನ ಕೆಲಸ ಮುಗಿದ ಮೇಲೆಯೇ ಯಂತ್ರದ ಸರದಿ ಬರಬೇಕು.

ಹರೆಯದ ಒಬ್ಬರು ನಿನ್ನೆ ಸಂಜೆ ಸೈಕಲ್ಲಿನಿಂದ ಬಿದ್ದು ಇಂದು ಬೆಳಿಗ್ಗೆ ಬಂದರು ಎಂದಿಟ್ಟುಕೊಳ್ಳಿ. ಊತ ಅಷ್ಟೇನಿಲ್ಲ, ಕೈ ಸೊಟ್ಟಗಾಗಿಲ್ಲ, ಬೆರಳು ಆಡುತ್ತಿವೆ. "ಬರೀ ಉಳುಕು ಇರಬೇಕು" ಎಂದು ಅವರೇ ಹೇಳುತ್ತಾರೆ. ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಂಥ ಕೈಗೇ.

ಮೊದಲು ಉಂಗುರ, ಬಳೆ, ವಾಚು ತೆಗೆಸಬೇಕು. ಎಲ್ಲಕ್ಕಿಂತ ಮೊದಲು. ಮುಂದಿನ ಒಂದೆರಡು ದಿನ ಬಾವು ಏರುತ್ತಲೇ ಹೋಗುತ್ತದೆ. ಈಗ ಸಾಬೂನು ನೀರಿಗೆ ಜಾರುವ ಉಂಗುರವನ್ನು ನಾಳೆ ಕತ್ತರಿಸಬೇಕಾಗುತ್ತದೆ. ಆಮೇಲೆ ನರಗಳ ಪರೀಕ್ಷೆ. ತೋರುಬೆರಳಿನ ತುದಿ, ಕಿರುಬೆರಳಿನ ತುದಿ, ಕೈಯ ಹಿಂಬದಿಯಲ್ಲಿ ಹೆಬ್ಬೆರಳು ತೋರುಬೆರಳುಗಳ ನಡುವಿನ ಜಾಗ, ಈ ಮೂರು ಕಡೆ ಸ್ಪರ್ಶ ತಿಳಿಯುತ್ತದೆಯೇ ನೋಡಿದರೆ ಮೂರು ಮುಖ್ಯ ನರಗಳ ಸುದ್ದಿ ಸಿಗುತ್ತದೆ. ಉಗುರನ್ನು ಒತ್ತಿ ಬಿಟ್ಟರೆ ಸುಮಾರು 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ಕಂಡದ್ದನ್ನು ಚೀಟಿಯಲ್ಲಿ ಬರೆಯಬೇಕು. ಪ್ಲಾಸ್ಟರ್ ಹಾಕಿದ ಮೇಲೆ ಜೋಮು ಬಂದರೆ ಅದು ಪೆಟ್ಟಿನಿಂದಲೋ ಪ್ಲಾಸ್ಟರಿನಿಂದಲೋ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಒತ್ತಿ ನೋಡುವುದನ್ನು ನೋವಿಲ್ಲದ ಕಡೆಯಿಂದ ಶುರುಮಾಡಿ ನೋವಿನ ಜಾಗಕ್ಕೆ ಕೊನೆಗೆ ಬರಬೇಕು. ಮೊದಲೇ ನೋಯಿಸಿದರೆ ಇಡೀ ಕೈ ಬಿಗಿದುಕೊಳ್ಳುತ್ತದೆ, ಮುಂದೆ ಮುಟ್ಟಿದ್ದೆಲ್ಲ ನೋವೇ. ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಅದರ ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಒಂದು ಗುಳಿ ಬೀಳುತ್ತದೆ. ಸ್ಕೇಫಾಯಿಡ್ ಇರುವುದು ಅದರ ತಳದಲ್ಲಿ. ಆ ಗುಳಿಯಲ್ಲಿ ಒತ್ತಬೇಕು, ಅಂಗೈ ಬದಿಯಲ್ಲಿ ಹೆಬ್ಬೆರಳ ಬುಡದ ಉಬ್ಬಿನ ಮೇಲೆ ಒತ್ತಬೇಕು, ಹೆಬ್ಬೆರಳನ್ನು ಅದರ ನೇರಕ್ಕೇ ಮಣಿಕಟ್ಟಿನತ್ತ ತಳ್ಳಬೇಕು. ಗಟ್ಟಿಯಾಗಿ ಒತ್ತಿದರೆ ಸರಿಯಿರುವ ಕೈಯಲ್ಲೂ ಆ ಗುಳಿ ತುಸು ನೋಯುತ್ತದೆ, ಹಾಗಾಗಿ ಇನ್ನೊಂದು ಕೈಯನ್ನೂ ಅಷ್ಟೇ ಒತ್ತಿ ಹೋಲಿಸದೆ ತೀರ್ಮಾನ ಬೇಡ.

ಇನ್ನು ಎಕ್ಸ್-ರೇಗೆ ಬರೆದು ಕೊಡುವ ಚೀಟಿ. "ಕೈ ಎಕ್ಸ್-ರೇ" ಎಂದಷ್ಟೇ ಬರೆದು ಕಳಿಸಿದರೆ ಟೆಕ್ನಿಷಿಯನ್ ಕಿರಣವನ್ನು ಮಧ್ಯದ ಬೆರಳಿನ ಗೆಣ್ಣಿಗೆ ಗುರಿಯಿಡುತ್ತಾರೆ. ಅವರ ತಪ್ಪಲ್ಲ, ಕೈಯ ಚಿತ್ರ ತೆಗೆಯುವುದೇ ಹಾಗೆ. ಬೇಕಾದದ್ದು ಮಣಿಕಟ್ಟಿನ ಚಿತ್ರ: ನೇರ, ಪಕ್ಕ, ಓರೆ, ಜೊತೆಗೆ ಸ್ಕೇಫಾಯಿಡ್ ವ್ಯೂ. ನೇರ ಚಿತ್ರದಲ್ಲಿ ಈ ಮೂಳೆ ಅಂಗೈ ಕಡೆಗೆ ಬಾಗಿರುವುದರಿಂದ ಗಿಡ್ಡವಾಗಿ, ತನ್ನ ಮೇಲೆ ತಾನೇ ಮಡಿಸಿಕೊಂಡಂತೆ ಕಾಣುತ್ತದೆ. ಬಿರುಕಿದ್ದರೆ ಆ ಮಡಿಕೆಯಲ್ಲೇ ಅಡಗುತ್ತದೆ. ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ವಾಲಿಸಿ ತೆಗೆದಾಗ ಮೂಳೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ, ಸ್ಕೇಫಾಯಿಡ್ ವ್ಯೂ ಎಂದರೆ ಇದೇ. ಪಕ್ಕದ ಚಿತ್ರವನ್ನು ಬಿಡಲೇಬಾರದು. ಅದರಲ್ಲಿ ರೇಡಿಯಸ್, ಅದರ ಮೇಲೆ ಮಣಿಕಟ್ಟಿನ ಪುಟ್ಟ ಮೂಳೆಗಳಾದ ಲೂನೇಟ್, ಅದರ ಮೇಲೆ ಕ್ಯಾಪಿಟೇಟ್ ಒಂದೇ ಸಾಲಿನಲ್ಲಿ ಕೂತಿರಬೇಕು. ಈ ಸಾಲು ತಪ್ಪಿದ ಕೀಲು ನೇರ ಚಿತ್ರದಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ, ಬಿಟ್ಟರೆ ಮಣಿಕಟ್ಟು ಹಾಳಾಗುತ್ತದೆ.

ಬೇರೆ ಮೂಳೆಗಳಿಗೂ ಇದೇ ಮಾತು. ಫಿಟ್ಸ್ ಬಂದ ಮೇಲೆ ಅಥವಾ ಕರೆಂಟ್ ಹೊಡೆದ ಮೇಲೆ ಭುಜ ಹಿಂದಕ್ಕೆ ಕಳಚಿದ್ದರೆ ಮುಂದಿನಿಂದ ತೆಗೆದ ಒಂದೇ ಚಿತ್ರ ಹೆಚ್ಚುಕಡಿಮೆ ಸರಿಯಾಗಿಯೇ ಕಂಡೀತು. ಕಂಕುಳ ಕಡೆಯಿಂದ ಇನ್ನೊಂದು ತೆಗೆಸಿದರೆ ಗುಟ್ಟು ಹೊರಬೀಳುತ್ತದೆ. ಪಾದದ ನಡುಭಾಗದ ಅಸ್ಥಿರಜ್ಜು ಹರಿದಿದೆಯೇ ಎಂದು ನೋಡಲು, ತಾಳಿಕೊಳ್ಳಲು ಆದರೆ, ನಿಲ್ಲಿಸಿ ತೆಗೆಯಬೇಕು. ಮಲಗಿಸಿದಾಗ ಮುಚ್ಚಿಕೊಳ್ಳುವ ಸಂದು ಭಾರ ಬಿದ್ದಾಗ ತೆರೆಯುತ್ತದೆ. ಮಕ್ಕಳ ಮೊಣಕೈಯಲ್ಲಿ ಮುರಿತದ ಗೆರೆ ಕಾಣದಿದ್ದರೂ ಪಕ್ಕದ ಚಿತ್ರದಲ್ಲಿ ಮೂಳೆಯ ಹಿಂದೆ ಕಪ್ಪು ಕೊಬ್ಬಿನ ನೆರಳು ಎದ್ದಿದ್ದರೆ ಕೀಲಿನೊಳಗೆ ರಕ್ತ ತುಂಬಿದೆ ಎಂದರ್ಥ, ಮುರಿದಿದೆ ಎಂದೇ ನೋಡಿಕೊಳ್ಳಬೇಕು.

ಎಕ್ಸ್-ರೇ ಬೇಡವೇ ಬೇಡ ಎನ್ನಬಹುದಾದ ಸಂದರ್ಭಗಳೂ ಇವೆ. ಕಾಲಿನ ಹರಡು ಉಳುಕಿದಾಗ ಎರಡೂ ಬದಿಯ ಹರಡುಮೂಳೆಯ ಹಿಂಬದಿ ಅಂಚಿನ ಕೆಳಗಿನ 6 ಸೆಂಟಿಮೀಟರ್ ಒತ್ತಿದರೆ ನೋವಿಲ್ಲ, ಪಾದದಲ್ಲಿ ಕಿರುಬೆರಳಿಗೆ ಹೋಗುವ ಉದ್ದ ಮೂಳೆಯ (ಐದನೆಯ ಮೆಟಟಾರ್ಸಲ್) ಬುಡದಲ್ಲೂ ಒಳಬದಿಯ ನ್ಯಾವಿಕ್ಯುಲರ್ ಮೂಳೆಯ ಮೇಲೂ ನೋವಿಲ್ಲ, ನಾಲ್ಕು ಹೆಜ್ಜೆ ಊರಲು ಆಗುತ್ತದೆ ಎಂದಾದರೆ ಚಿತ್ರ ತೆಗೆಸಬೇಕಿಲ್ಲ. ಇದು ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡ ನಿಯಮ. ಕಾಲಿನಲ್ಲಿ ಸ್ಪರ್ಶವೇ ಇಲ್ಲದವರಿಗೆ, ಮತ್ತಿನಲ್ಲಿರುವವರಿಗೆ ಇದನ್ನು ನೆಚ್ಚಬಾರದು. ಮಣಿಕಟ್ಟಿಗೆ ಇಷ್ಟು ನಂಬುವಂಥ ನಿಯಮವಿಲ್ಲ. ವಿಕಿರಣದ ಭಯದಿಂದ ಒಂದು ಚಿತ್ರ ಸಾಕು ಎನ್ನುವವರಿಗೆ ಹೇಳಬೇಕಾದ್ದು: ಕೈಯ ಎಕ್ಸ್-ರೇಯಿಂದ ತಾಗುವುದು ಸುಮಾರು 0.001 ಮಿಲಿಸೀವರ್ಟ್ (ವಿಕಿರಣದ ಅಳತೆ), ನಿಸರ್ಗದಿಂದ ವರ್ಷಕ್ಕೆ ಎಲ್ಲರಿಗೂ ಸರಾಸರಿ 2.4ರಷ್ಟು ತಾಗುತ್ತಲೇ ಇರುತ್ತದೆ.

ನಮ್ಮ ಸೈಕಲ್ಲಿನವರ ನಾಲ್ಕೂ ಚಿತ್ರ ಬಂದವು, ಗೆರೆ ಇಲ್ಲ. ವರದಿ "ನಾರ್ಮಲ್". ಅವರ ಮುಖ ಅರಳುತ್ತದೆ. ಗುಳಿಯಲ್ಲಿ ಒತ್ತಿದರೆ ಮಾತ್ರ ಕೈ ಎಳೆದುಕೊಳ್ಳುತ್ತಾರೆ.

ಈ ಕ್ಷಣದಲ್ಲಿ ಬೆರಳು ಹೇಳಿದ್ದನ್ನೇ ನಂಬಬೇಕು. ಕಿರಣ ಬಿರುಕಿನ ನೇರಕ್ಕೆ ಹಾಯ್ದರೆ ಮಾತ್ರ ಗೆರೆ ಮೂಡುತ್ತದೆ. ಕದಲದೆ ಅಂಟಿಕೊಂಡೇ ಇರುವ ಬಿರುಕು ಮೊದಲ ದಿನ ಕಾಣದೇ ಹೋಗುವುದು ಸಾಮಾನ್ಯ. 10ರಿಂದ 14 ದಿನಗಳಲ್ಲಿ ಬಿರುಕಿನ ಅಂಚಿನ ಮೂಳೆ ಸ್ವಲ್ಪ ಕರಗಿ ಗೆರೆ ಅಗಲವಾಗುತ್ತದೆ, ಆಗ ಕಾಣುತ್ತದೆ. ಅಲ್ಲಿಯವರೆಗೆ ಉಳುಕೆಂದು ಬಿಟ್ಟರೆ ಏನಾಗುತ್ತದೆ ಎಂಬುದು ಈ ಮೂಳೆಯ ರಕ್ತ ಪೂರೈಕೆಯಲ್ಲಿದೆ. ರಕ್ತ ಹೆಚ್ಚಿನಂಶ ಬೆರಳಿನ ಕಡೆಯ ತುದಿಯಿಂದ ಒಳಹೊಕ್ಕು ಮುಂಗೈ ಕಡೆಗೆ ಹಿಮ್ಮುಖವಾಗಿ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ತಪ್ಪುತ್ತದೆ. ಆ ತುಂಡು ಕೂಡದೆ ಉಳಿಯಬಹುದು, ಸಾಯಲೂಬಹುದು. ವರ್ಷಗಳ ಮೇಲೆ ಮಣಿಕಟ್ಟೇ ಸವೆದು ಸಂಧಿವಾತಕ್ಕೆ ತಿರುಗುತ್ತದೆ. ಇಪ್ಪತ್ತರ ಹರೆಯದವರಿಗೆ ನಲವತ್ತರಲ್ಲಿ ಬರುವ ನೋವು ಇದು, ತಡೆಯಬಹುದಾದ ನೋವು.

ಬಲವಾದ ಆಯಸ್ಕಾಂತದಿಂದ ಒಳಚಿತ್ರ ತೆಗೆಯುವ ಎಂಆರ್‌ಐ ಸಿಗುವಂತಿದ್ದರೆ ಮೊದಲ ವಾರದಲ್ಲೇ ಮಾಡಿಸುವುದು ಒಳ್ಳೆಯದು. ಮೂಳೆಮಜ್ಜೆಯ ಬಾವನ್ನು ಅದು ತೋರಿಸುತ್ತದೆ, ವಿಕಿರಣವಿಲ್ಲ, ಮುರಿದಿಲ್ಲವೆಂದು ತಿಳಿದರೆ ಎರಡು ವಾರದ ಪ್ಲಾಸ್ಟರ್ ತಪ್ಪುತ್ತದೆ. ಒಳಗೆ ಹೋಗುವ ಮೊದಲು ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಹಿಂದೆಂದೋ ಕಣ್ಣಿಗೆ ಸಿಡಿದ ಕಬ್ಬಿಣದ ಚೂರು, ಎಲ್ಲವನ್ನೂ ಹೇಳಿಬಿಡಬೇಕು. ಮುರಿತ ಗೊತ್ತಾಗಿ, ತುಂಡು ಎಷ್ಟು ಸರಿದಿದೆ ಎಂದು ಅಳೆಯಬೇಕಾದಾಗ ಸಿಟಿ ಸ್ಕ್ಯಾನ್ ಲೇಸು. ಇಲ್ಲಿ 1 ಮಿಲಿಮೀಟರ್ ಸರಿದರೂ ಲೆಕ್ಕಕ್ಕೆ ಬರುತ್ತದೆ. ಎರಡೂ ಸಿಗದಿದ್ದರೆ ಮುರಿದಿದೆ ಎಂದೇ ಭಾವಿಸಿ ಕಟ್ಟಬೇಕು.

ಪ್ಲಾಸ್ಟರ್ ಕೋಣೆಯಲ್ಲಿ ಅವಸರ ಸಲ್ಲದು. ಹೊಸ ಪೆಟ್ಟಿಗೆ ಸುತ್ತಲೂ ಮುಚ್ಚುವ ಪ್ಲಾಸ್ಟರ್ ಬೇಡ, ಒಂದು ಬದಿಯ ಸ್ಲ್ಯಾಬ್ ಸಾಕು. ಬಾವು ಏರಿದರೆ ಜಾಗವಿರುತ್ತದೆ. ಅಳತೆಯನ್ನು ನೋವಿಲ್ಲದ ಕೈಯ ಮೇಲೆ ತೆಗೆದು, 8ರಿಂದ 10 ಪದರ ಮಡಿಸಿ, ಚರ್ಮಕ್ಕೆ ಮೊದಲು ಹತ್ತಿಯ ಪ್ಯಾಡಿಂಗ್ ಸುತ್ತಬೇಕು, ಎಲುಬು ಎದ್ದಿರುವಲ್ಲಿ ಒಂದು ಸುತ್ತು ಹೆಚ್ಚು. ನೀರು ಉಗುರುಬೆಚ್ಚಗೂ ಮೀರಬಾರದು. ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ನೀರು ಬಿಸಿಯಿದ್ದು, ಪದರ ದಪ್ಪವಿದ್ದು, ಕೈಯನ್ನು ದಿಂಬಿನ ಮೇಲೆ ಇಟ್ಟುಬಿಟ್ಟರೆ ಶಾಖ ಹೊರಹೋಗದೆ ಚರ್ಮ ಸುಡುತ್ತದೆ. ಮಣಿಕಟ್ಟು ತುಸು ಹಿಂದಕ್ಕೆ, ಹೆಬ್ಬೆರಳು ಲೋಟ ಹಿಡಿದಂತೆ. ಅಂಗೈಯ ಗೆರೆಗಳಾಚೆ ಪ್ಲಾಸ್ಟರ್ ಚಾಚಿದರೆ ಬೆರಳಿನ ಗೆಣ್ಣು ಮಡಿಯುವುದಿಲ್ಲ, ವಾರಗಳಲ್ಲಿ ಬಿಗಿದುಹೋಗುತ್ತವೆ. ಪೂರ್ತಿ ಒಣಗಲು ಎರಡು ದಿನ ಬೇಕಾದೀತು. ಅಲ್ಲಿಯವರೆಗೆ ಮೇಜಿನ ಅಂಚಿಗೆ ಒರಗಿಸಿದರೆ ಬಿದ್ದ ತಗ್ಗು ಒಳಗೆ ಹುಣ್ಣು ಮಾಡುತ್ತದೆ.

ಮನೆಗೆ ಹೊರಡುವವರಿಗೆ ಹೇಳಬೇಕಾದ್ದನ್ನು ಬರೆದೂ ಕೊಡಬೇಕು, ನೋವಿನಲ್ಲಿ ಕೇಳಿದ್ದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಕೈ ಎದೆಮಟ್ಟಕ್ಕಿಂತ ಮೇಲಿರಲಿ, ಬೆರಳು ಆಡಿಸುತ್ತಿರಲಿ. ಮಾತ್ರೆ ನುಂಗಿದರೂ ನೋವು ಏರುತ್ತಲೇ ಹೋದರೆ, ಬೇರೆಯವರು ಬೆರಳನ್ನು ನೆಟ್ಟಗೆ ಮಾಡಿದಾಗ ಮುಂಗೈಯಲ್ಲಿ ತಾಳಲಾಗದಷ್ಟು ನೋವಾದರೆ, ಜೋಮು ಹಿಡಿದರೆ, ಬೆಳಗಾಗಲಿ ಎಂದು ಕಾಯಬಾರದು. ಆಗ ಬ್ಯಾಂಡೇಜನ್ನಷ್ಟೇ ಸಡಿಲಿಸಿದರೆ ಸಾಲದು, ಒಳಗಿನ ಪ್ಯಾಡಿಂಗನ್ನೂ ಚರ್ಮ ಕಾಣುವವರೆಗೆ ಸೀಳಬೇಕು, ಕೈಯನ್ನು ಹೃದಯದ ಮಟ್ಟಕ್ಕೆ ಇಳಿಸಬೇಕು. ನಾಡಿ ಸಿಗುತ್ತಿದೆ ಎಂದು ಸಮಾಧಾನಪಡುವುದು ದೊಡ್ಡ ಅಪಾಯ: ಸ್ನಾಯುಗಳು ಒತ್ತಡದಲ್ಲಿ ಸಾಯುತ್ತಿರುವಾಗಲೂ ನಾಡಿ ಮಿಡಿಯುತ್ತಿರುತ್ತದೆ.

ಎರಡು ವಾರಕ್ಕೆ ಮತ್ತೆ ಬರುವಾಗ ವರದಿಯ ಹಾಳೆಯೊಂದೇ ಸಾಲದು, ಮೊದಲ ದಿನದ ಫಿಲ್ಮ್ ಅಥವಾ ಸಿಡಿ ಜೊತೆಗಿರಬೇಕು. ಸ್ಲ್ಯಾಬ್ ಬಿಚ್ಚಿ ಮೊದಲಿನಂತೆಯೇ ಗುಳಿ, ಉಬ್ಬು ಒತ್ತಿ, ಹೆಬ್ಬೆರಳು ತಳ್ಳಿ, ಅದೇ ನಾಲ್ಕು ಚಿತ್ರ ತೆಗೆದು ಹಳೆಯದರ ಪಕ್ಕ ಇಟ್ಟು ನೋಡುತ್ತೇವೆ. ನೋವೂ ಇಲ್ಲ, ಗೆರೆಯೂ ಇಲ್ಲ ಎಂದರೆ ಬಿಡುಗಡೆ. ಗೆರೆಯಿಲ್ಲದೆ ನೋವಿದ್ದರೆ ಎಂಆರ್‌ಐ ಇನ್ನು ಮುಂದೂಡುವಂತಿಲ್ಲ. ಗೆರೆ ಮೂಳೆಯ ನಡುವಿನಲ್ಲಿದ್ದು ತುಂಡು ಸರಿಯದಿದ್ದರೆ ಪ್ಲಾಸ್ಟರಿನಲ್ಲಿ 6ರಿಂದ 12 ವಾರ. ಮುಂಗೈ ಕಡೆಯ ತುದಿಯಲ್ಲಿದ್ದರೆ ಹೆಚ್ಚಾಗಿ ಸ್ಕ್ರೂ ಹಾಕುವ ಮಾತು ಅಂದೇ ಶುರುವಾಗಬೇಕು.